ಏಳೂವರೆ ನಿಮಿಷದ ಲೆಕ್ಕ

“ಹೋದ ವಾರ ಕಾಲು ಗಂಟೆ ಹಿಡೀತಲ್ಲ ಸಾರ್, ಈ ಸಲ ಇಷ್ಟು ಬೇಗ ಮುಗೀತು. ಕರೆಂಟು ಸರಿಯಾಗಿ ಕೊಟ್ರಿ ತಾನೇ?”

ಗರ್ಭಕಂಠದ ಕ್ಯಾನ್ಸರ್‌ಗೆ ಎರಡನೇ ಬ್ರಾಕಿಥೆರಪಿ (ವಿಕಿರಣದ ಮೂಲವನ್ನು ದೇಹದೊಳಗೇ ಇಟ್ಟು ಕೊಡುವ ಚಿಕಿತ್ಸೆ) ಮುಗಿಸಿದ ಒಬ್ಬ ಅಮ್ಮ ಕೇಳಿದ ಪ್ರಶ್ನೆ ಇದು. ವಿಕಿರಣದ ಲೆಕ್ಕ ನೋಡುವ ಮೆಡಿಕಲ್ ಫಿಸಿಸಿಸ್ಟ್ ಆದ ನನಗೆ ಅದಕ್ಕೆ ಉತ್ತರ ಕೊಡುವ ಧೈರ್ಯ ಬಂದಿದ್ದು ಅವತ್ತಿನ ಕೈಲೆಕ್ಕದಿಂದ.

ವಿಕಿರಣ ಹೊಮ್ಮಿಸುವ ಇರಿಡಿಯಂ-192 ಮೂಲ ಅಕ್ಕಿಕಾಳಿಗಿಂತ ಚಿಕ್ಕದು. ಅದರ ಶಕ್ತಿ 74 ದಿನಕ್ಕೆ ಅರ್ಧಕ್ಕೆ ಇಳಿಯುತ್ತದೆ, ದಿನಕ್ಕೆ ಹತ್ತಿರ ಹತ್ತಿರ ಶೇಕಡಾ ಒಂದು. ಆ ವಾರವಷ್ಟೇ ಹಳೆಯದನ್ನು ತೆಗೆದು ಹೊಸ ಮೂಲ ಹಾಕಿದ್ದೆವು. ಅಮ್ಮನಿಗೆ ಕೊಡಬೇಕಿದ್ದ ಡೋಸ್ 7 ಗ್ರೇ (ದೇಹ ಹೀರುವ ವಿಕಿರಣದ ಅಳತೆ). ಅದಕ್ಕೆ ಕಂಪ್ಯೂಟರ್ ಹತ್ತು ನಿಮಿಷ ಎಂದಿತು.

ನಾನು ಪ್ರತಿ ಪ್ಲಾನನ್ನೂ ನೋಟ್‌ಬುಕ್ಕಿನಲ್ಲಿ ಇನ್ನೊಮ್ಮೆ ಹಾಕುತ್ತೇನೆ. ಕಂಪ್ಯೂಟರ್ ನಡೆಯುವುದು 1995ರಲ್ಲಿ ಬಂದ ಟಿಜಿ-43 ಎಂಬ ಡೋಸ್ ಲೆಕ್ಕದ ಪದ್ಧತಿಯಲ್ಲಿ. ಕೈಲೆಕ್ಕಕ್ಕೆ ಅದರ ತಿರುಳು ಸಾಕು: ಮೂಲದ ಶಕ್ತಿಯನ್ನು 1.11ರಿಂದ ಗುಣಿಸಿ, ದೂರದ ವರ್ಗದಿಂದ ಭಾಗಿಸುವುದು. ಹೊಸ ಮೂಲವಾದರೆ 2 ಸೆಂಟಿಮೀಟರ್ ದೂರದಲ್ಲಿ ಸೆಕೆಂಡಿಗೆ ಸುಮಾರು 3 ಸೆಂಟಿಗ್ರೇ (ಗ್ರೇಯ ನೂರನೇ ಭಾಗ) ಬೀಳುತ್ತದೆ. ಮೂಲ ನಿಲ್ಲುವ ಒಂದೊಂದು ಜಾಗದಿಂದಲೂ ಡೋಸ್ ಲೆಕ್ಕ ಹಾಕಲು ಗೊತ್ತುಮಾಡಿದ ಎ ಬಿಂದುವಿಗೆ ಎಷ್ಟು ದೂರ ಅಂತ ಅಳೆದು, ಎಲ್ಲವನ್ನೂ ಕೂಡಿಸಿದೆ. ಏಳೂವರೆ ನಿಮಿಷ ಬಂತು.

ಗುಣಾಕಾರ ತಪ್ಪಿರಬೇಕು ಅಂದುಕೊಂಡು ಮತ್ತೆ ಹಾಕಿದೆ. ಮತ್ತೆ ಏಳೂವರೆ. ಅಮ್ಮ ಆಗಲೇ ಒಳಗೆ ಮಲಗಿದ್ದರು, ಮೂಲ ಒಳಗೆ ಹೋಗುವ ಕೊಳವೆ, ಅಂದರೆ ಅಪ್ಲಿಕೇಟರ್, ಕೂರಿಸಿಯಾಗಿತ್ತು. ಡಾಕ್ಟರಿಗೆ “ಸ್ವಲ್ಪ ತಡೀರಿ ಮೇಡಂ” ಎಂದೆ.

ನೋಟ್‌ಬುಕ್ಕಿನಲ್ಲಿದ್ದ ಶಕ್ತಿ ಬೆಳಿಗ್ಗೆ ವೆಲ್ ಚೇಂಬರ್ ಎಂಬ ಅಳತೆಯ ಉಪಕರಣದಲ್ಲಿ ನಾನೇ ಅಳೆದದ್ದು: 37,800 ಯೂನಿಟ್. ಕಂಪ್ಯೂಟರಿನಲ್ಲಿ 28,800 ಇತ್ತು. ಮೂಲದ ಸರ್ಟಿಫಿಕೇಟ್ ತೆಗೆದು ನೋಡಿದರೆ ದಿನಾಂಕ 05/04. ತಿಂಗಳು ಮೊದಲು ಬರೆದಿದ್ದಾರೆ, ಅಂದರೆ ಮೇ 4. ನಾನು ಅದನ್ನು ಏಪ್ರಿಲ್ 5 ಎಂದು ತುಂಬಿದ್ದೆ. ಮೂಲ 29 ದಿನ ಜಾಸ್ತಿ ಹಳೆಯದು ಅಂತ ಕಂಪ್ಯೂಟರ್ ನಂಬಿತ್ತು. ಹಾಗೇ ಬಿಟ್ಟಿದ್ದರೆ 7 ಗ್ರೇ ಬದಲು 9.2 ಗ್ರೇ ಹೋಗುತ್ತಿತ್ತು. ಮೂತ್ರಕೋಶ, ಗುದನಾಳ ಪಕ್ಕದಲ್ಲೇ ಇರುತ್ತವೆ, ಅಲ್ವಾ? ಅವತ್ತು ನನ್ನ ಕೈ ನಡುಗಿತು. ಈಗ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆದುಕೊಳ್ಳುತ್ತೇನೆ, ಇನ್ನೊಬ್ಬರ ಹತ್ತಿರ ಜೋರಾಗಿ ಓದಿಸುತ್ತೇನೆ.

ದಿನಾಂಕ ತಿದ್ದಿದೆ. ಕಂಪ್ಯೂಟರೂ ಏಳೂವರೆಗೆ ಬಂತು.

ಅಮ್ಮನಿಗೆ ಹೇಳಿದೆ: “ಹೋದ ವಾರದ್ದು ಆರುತ್ತಾ ಬಂದ ಕೆಂಡ ಅಮ್ಮಾ, ಇವತ್ತಿಂದು ಹೊಸ ಕೆಂಡ. ರೊಟ್ಟಿ ಬೇಯೋದು ಅಷ್ಟೇ, ಹೊತ್ತು ಕಮ್ಮಿ.”

“ಹಂಗಾದ್ರೆ ಮುಂದಿನ ವಾರ?”

“ಅರ್ಧ ನಿಮಿಷ ಜಾಸ್ತಿ ಆಗುತ್ತೆ.”