ಲೈಮ್‌ಲೈಟ್‌ಗೂ ನಿಂಬೆಹಣ್ಣಿಗೂ ನಂಟಿಲ್ಲ

ತುಮಕೂರಿನ ಬಿ.ಎಚ್. ರಸ್ತೆ ಪಕ್ಕದ ಒಂದು ಮಹಡಿಯಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಮಾತಾಡೋದು ಹೇಳಿಕೊಡುತ್ತೇನೆ. ಮೊನ್ನೆ ಬೋರ್ಡ್ ಮೇಲೆ ‘ಇನ್ ದಿ ಲೈಮ್‌ಲೈಟ್’ ಅಂತ ಬರೆದೆ. ಗುಬ್ಬಿ ಕಡೆಯ ಹುಡುಗನೊಬ್ಬ ಎದ್ದು ನಿಂತ. ‘ಸಾರ್, ಲೈಮ್ ಅಂದ್ರೆ ನಿಂಬೆಹಣ್ಣು ಅಲ್ವಾ? ಫೇಮಸ್ ಆಗೋದಕ್ಕೂ ಅದಕ್ಕೂ ಏನ್ ಸಾರ್ ಸಂಬಂಧ?’

ಎಲ್ಲರೂ ನಕ್ಕರು. ನಗೋದೇನೂ ಇರಲಿಲ್ಲ. ಇಂಗ್ಲಿಷ್‌ನಲ್ಲಿ ಲೈಮ್ ಅಂದರೆ ನಿಂಬೆಯೂ ಹೌದು, ಸುಣ್ಣವೂ ಹೌದು. ಇಲ್ಲಿರೋದು ಸುಣ್ಣ. ನಮ್ಮಜ್ಜಿ ಎಲೆಯಡಿಕೆ ಚೀಲದಿಂದ ಪುಟ್ಟ ಡಬ್ಬಿ ತೆಗೆದು, ಬೆರಳ ತುದಿಯಲ್ಲಿ ಒಂಚೂರು ಎತ್ತಿ ವೀಳ್ಯದೆಲೆಗೆ ಸವರುತ್ತಿದ್ದರಲ್ಲ, ಅದೇ ಸುಣ್ಣ. ಅಜ್ಜಿಯ ಡಬ್ಬಿಯಲ್ಲಿದ್ದದ್ದು ನೀರು ಹಾಕಿ ಅರಳಿಸಿದ್ದು. ದೀಪಕ್ಕೆ ಬೇಕಾಗಿದ್ದದ್ದು ಗೂಡಿನಲ್ಲಿ ಸುಟ್ಟು, ಇನ್ನೂ ನೀರು ಸೋಕದ ಗಟ್ಟಿ ಸುಣ್ಣ.

ಮೊದಲು ದೀಪ ನೋಡಿ

ಈ ಮಾತು ಬಾಯಿಗೆ ಬರಬೇಕಾದರೆ ಆ ದೀಪ ಒಮ್ಮೆ ಕಣ್ಣಮುಂದೆ ಬರಬೇಕು. ಹೈಡ್ರೋಜನ್, ಆಮ್ಲಜನಕ ಎರಡನ್ನೂ ಸೇರಿಸಿ ಉರಿಸಿದರೆ ಭಾರೀ ಬಿಸಿಯ ಜ್ವಾಲೆ ಬರುತ್ತದೆ. ಅದನ್ನು ಸುಣ್ಣದ ತುಂಡಿನ ಮೇಲೆ ಹಾಯಿಸಿದರೆ ಸುಣ್ಣ ಹೊತ್ತಿ ಉರಿಯುವುದಿಲ್ಲ, ಅಷ್ಟು ಬಿಸಿಗೆ ಕರಗುವುದೂ ಇಲ್ಲ. ಕಣ್ಣು ಕೋರೈಸುವ ಹಾಗೆ ಬೆಳ್ಳಗೆ ಹೊಳೆಯುತ್ತದೆ. 1820ರ ದಶಕದಲ್ಲಿ ಥಾಮಸ್ ಡ್ರಮಂಡ್ ಎಂಬ ಎಂಜಿನಿಯರ್ ಐರ್ಲೆಂಡ್‌ನ ಭೂಮಿ ಅಳೆಯುವಾಗ ದೂರದ ಬೆಟ್ಟಕ್ಕೂ ಗುರುತು ಕಾಣಲಿ ಅಂತ ಇದನ್ನು ಬಳಸಿದ. 1837ರಲ್ಲಿ ಲಂಡನ್‌ನ ಕಾವೆಂಟ್ ಗಾರ್ಡನ್ ನಾಟಕಶಾಲೆಗೆ ಈ ದೀಪ ಬಂತು. ಸುಣ್ಣ ಒಂದೇ ಕಡೆ ಕಾದು ಗುಳಿ ಬೀಳುತ್ತಿತ್ತು. ಹಾಗಾಗಿ ತುಂಡನ್ನು ಆಗಾಗ ತಿರುಗಿಸುತ್ತಾ, ಬೆಳಕನ್ನು ನಟನ ಮೇಲೆ ಹಿಡಿಯುತ್ತಾ ಒಬ್ಬ ಪಕ್ಕದಲ್ಲೇ ಇರಬೇಕಿತ್ತು. ಕರೆಂಟ್ ದೀಪ ಬಂದ ಮೇಲೆ ಸುಣ್ಣದ ಕಾಲ ಮುಗಿಯಿತು. ಮಾತು ಮಾತ್ರ ಉಳಿದುಕೊಂಡಿತು.

ನಾಟಕದ ಮಾತು ಅಂದಮೇಲೆ ನಮ್ಮ ಜಿಲ್ಲೆಯವರಿಗೆ ಕಷ್ಟವೇ ಆಗಬಾರದು. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯ ನೆಲ ಇದು. ಇವತ್ತಿಗೂ ಹಳ್ಳಿಗಳಲ್ಲಿ ರಾತ್ರಿಯಿಡೀ ಪೌರಾಣಿಕ ನಾಟಕ ಆಡುತ್ತಾರೆ. ದುರ್ಯೋಧನ ಬಂದ ತಕ್ಷಣ ಲೈಟಿಂಗ್‌ನವನು ಫೋಕಸ್ ತಿರುಗಿಸುತ್ತಾನಲ್ಲ, ಆ ಬೆಳಕಿನ ಸುತ್ತು ನೆನಪಿರಲಿ. ಊರವರ ಕಣ್ಣೆಲ್ಲ ಯಾರ ಮೇಲಿದೆಯೋ ಅವರು ‘ಇನ್ ದಿ ಲೈಮ್‌ಲೈಟ್’.

ಆಮೇಲೆ ಹಿಂದೆ ಮುಂದೆ ಸರಿಮಾಡಿ

ನಾವು ಎಡವೋದು ಇಲ್ಲಿ. ಕನ್ನಡದಲ್ಲಿ ‘ದಿ’ ಥರದ್ದು ಇಲ್ಲ, ಹಾಗಾಗಿ ಅದನ್ನು ನುಂಗಿಬಿಡುತ್ತೇವೆ. ನುಂಗಬೇಡಿ. ‘ಅಂಡರ್’ ಕೂಡ ಹಾಕಬೇಡಿ, ದೀಪದ ಕೆಳಗಲ್ಲ ನಿಂತಿರೋದು, ಬೆಳಕಿನ ಒಳಗೆ. ನಮ್ಮ ಮೂರು ಪ್ರತ್ಯಯ ಇಟ್ಟುಕೊಂಡರೆ ಸುಲಭ. ‘ಅಲ್ಲಿ’ ಅಂದರೆ ಇನ್ ದಿ ಲೈಮ್‌ಲೈಟ್. ‘ಗೆ’ ಅಂದರೆ ಇನ್‌ಟು ದಿ ಲೈಮ್‌ಲೈಟ್. ‘ಇಂದ ಹೊರಗೆ’ ಅಂದರೆ ಔಟ್ ಆಫ್ ದಿ ಲೈಮ್‌ಲೈಟ್.

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ಪಕ್ಕದ ಮನೆ ಹುಡುಗಿಯ ಫೋಟೊ ಪೇಪರ್‌ನಲ್ಲಿ ಬಂತು ಅನ್ನಿ. ‘ಶಿ ಈಸ್ ಇನ್ ದಿ ಲೈಮ್‌ಲೈಟ್ ಟುಡೇ’ ಅಂದರೆ ಸಾಕು. ಆದರೆ ‘ಐ ಆಮ್ ಇನ್ ದಿ ಲೈಮ್‌ಲೈಟ್’ ಅಂತ ನಮ್ಮ ಬಗ್ಗೆ ನಾವೇ ಹೇಳಿಕೊಂಡರೆ ಜಂಬದ ಮಾತಾಗುತ್ತದೆ. ತಮಾಷೆಗಾದರೆ ಸರಿ.

ಈಗ ಕ್ರಿಯಾಪದ ಸೇರಿಸಿ

ಮತ್ತೆ ನಾಟಕಕ್ಕೇ ಬರೋಣ. ದುರ್ಯೋಧನನ ಪಾರ್ಟಿನವರು ಕಂದಪದ್ಯ ಎತ್ತಿದರು. ಜನ ‘ವನ್ಸ್ ಮೋರ್’ ಅಂದರು. ಇನ್ನೊಂದು ಸಲ ಹಾಡಿದರು. ಯಾರೂ ಕೇಳದಿದ್ದರೂ ಮೂರನೇ ಸಲ ಎತ್ತಿಕೊಂಡರು. ಕೃಷ್ಣ ಕಿರೀಟ ಕಟ್ಟಿಕೊಂಡು ಸೈಡ್ ವಿಂಗ್‌ನಲ್ಲಿ ಕಾಯುತ್ತಲೇ ಇದ್ದಾನೆ. ಹಾರ್ಮೋನಿಯಂ ಮೇಷ್ಟ್ರು ಕಣ್ಸನ್ನೆ ಮಾಡಿದರೂ ದುರ್ಯೋಧನ ಜಪ್ಪಯ್ಯ ಅನ್ನುವುದಿಲ್ಲ. ಇದು ‘ಹಾಗಿಂಗ್ ದಿ ಲೈಮ್‌ಲೈಟ್’. ಹಾಗ್ ಅಂದರೆ ಹಂದಿ, ಬೇರೆಯವರಿಗೆ ಬಿಡದೆ ತಾನೇ ಬಾಚಿಕೊಳ್ಳೋದು. ಅಷ್ಟರಲ್ಲಿ ಶಕುನಿ ಕುಂಟುತ್ತಾ ಬಂದು, ದಾಳ ಉರುಳಿಸಿ, ಒಂದೇ ಒಂದು ನಗು ನಕ್ಕ. ಪೆಂಡಾಲ್ ಪೂರ್ತಿ ಶಿಳ್ಳೆ. ‘ಶಕುನಿ ಸ್ಟೋಲ್ ದಿ ಲೈಮ್‌ಲೈಟ್.’ ಇಬ್ಬರೂ ಹಂಚಿಕೊಂಡಿದ್ದರೆ ‘ಶೇರ್ಡ್’ ಅನ್ನಬಹುದಿತ್ತು. ನಾನು ನೋಡಿದ ನಾಟಕಗಳಲ್ಲಂತೂ ಹಂಚಿಕೊಂಡಿದ್ದು ಕಮ್ಮಿ.

ಬೇಡ ಅಂದರೂ ಬೆಳಕಿಗೆ ನೂಕಿಸಿಕೊಂಡವರಿಗೆ ‘ಥ್ರಸ್ಟ್ ಇನ್‌ಟು ದಿ ಲೈಮ್‌ಲೈಟ್’. ಸುಮ್ನೆ ಬಸ್ಸಿಗೆ ಕಾಯುತ್ತಿದ್ದ ತಾತನ ವಿಡಿಯೊ ಯಾರೋ ಮಾಡಿ ವೈರಲ್ ಆಯಿತು ಅನ್ನಿ, ಅಲ್ಲಿಗೆ ಇದು ಸರಿಹೋಗುತ್ತದೆ.

ಮೋಸ ಹೋಗುವ ಜಾಗ

ಇದನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ. ಹೊಸದಾಗಿ ಇಂಗ್ಲಿಷ್‌ನಲ್ಲಿ ವರದಿ ಬರೆಯುತ್ತಿದ್ದ ದಿನಗಳು. ಒಂದು ಬಡಾವಣೆಯ ನೀರಿನ ಟ್ಯಾಂಕ್ ವರ್ಷದಿಂದ ಸೋರುತ್ತಿದ್ದದ್ದು ಬೆಳಕಿಗೆ ಬಂದಿತ್ತು. ನಾನು ‘ದಿ ಲೀಕ್ ಕೇಮ್ ಟು ಲೈಮ್‌ಲೈಟ್’ ಅಂತ ಬರೆದುಕೊಟ್ಟೆ. ಹಿರಿಯರೊಬ್ಬರು ಕನ್ನಡಕದ ಮೇಲಿಂದ ನೋಡಿ, ‘ಟ್ಯಾಂಕ್‌ಗೆ ಹಾರ ಹಾಕಿದ್ರೇನಪ್ಪಾ?’ ಅಂದರು.

ತಪ್ಪು ಎಲ್ಲಾಯಿತು ಅಂದರೆ, ಕನ್ನಡದ ‘ಬೆಳಕಿಗೆ ಬಂತು’ ಎರಡೂ ಕಡೆ ಓಡಾಡುತ್ತದೆ. ಹಗರಣವೂ ಬೆಳಕಿಗೆ ಬರುತ್ತದೆ, ಪ್ರತಿಭೆಯೂ ಬೆಳಕಿಗೆ ಬರುತ್ತದೆ. ಇಂಗ್ಲಿಷ್‌ನಲ್ಲಿ ದಾರಿ ಬೇರೆ ಬೇರೆ. ಮುಚ್ಚಿಹೋಗಿದ್ದ ಸಂಗತಿ ಗೊತ್ತಾದರೆ ಬರೀ ‘ಕೇಮ್ ಟು ಲೈಟ್’, ಅಲ್ಲಿ ಸುಣ್ಣವೂ ಇಲ್ಲ, ‘ದಿ’ಯೂ ಇಲ್ಲ. ಜನರ ಗಮನ ಸೆಳೆದರೆ ಮಾತ್ರ ‘ಕೇಮ್ ಇನ್‌ಟು ದಿ ಲೈಮ್‌ಲೈಟ್’. ಅನುಮಾನ ಬಂದಾಗ ನಾನು ಕೇಳಿಕೊಳ್ಳೋದು ಇಷ್ಟೇ: ಇಲ್ಲಿ ಚಪ್ಪಾಳೆ ತಟ್ಟೋಕೆ, ಇಲ್ಲ ಬಾಯಿಬಿಟ್ಟು ನೋಡೋಕೆ ಜನ ಕೂತಿದ್ದಾರಾ? ಸೋರುವ ಪೈಪಿನ ಮುಂದೆ ಯಾರೂ ಕೂತಿರುವುದಿಲ್ಲ.

ಕೊನೆಗೆ, ಉಲ್ಟಾ ಹೇಳಿ ನೋಡಿ

ಬೆಳಕು ಬೇಡ ಅನ್ನುವವರೂ ಇರುತ್ತಾರೆ. ನಮ್ಮಲ್ಲಿ ಅವರು ಎಲೆಮರೆಯ ಕಾಯಿ. ಇಂಗ್ಲಿಷ್‌ನಲ್ಲಿ ‘ಸ್ಟೇಸ್ ಔಟ್ ಆಫ್ ದಿ ಲೈಮ್‌ಲೈಟ್’. ಬೇಕಂತಲೇ ದೂರ ಸರಿಯುವವರಾದರೆ ‘ಶನ್ಸ್ ದಿ ಲೈಮ್‌ಲೈಟ್’.

ನಿಂಬೆಹಣ್ಣಿನ ಹುಡುಗನಿಗೆ ಮನೆಯವರ ಮೇಲೆ ಒಂದು ವಾಕ್ಯ ಮಾಡಿಕೊಂಡು ಬಾ ಅಂದಿದ್ದೆ. ಮಾರನೇ ದಿನ ತಂದ. ‘ಅಟ್ ಮೈ ಸಿಸ್ಟರ್ಸ್ ವೆಡ್ಡಿಂಗ್, ಮೈ ಅಂಕಲ್ ಹಾಗ್ಡ್ ದಿ ಲೈಮ್‌ಲೈಟ್.’ ‘ದಿ’ ಬಿಟ್ಟಿರಲಿಲ್ಲ. ಮಾವ ಏನು ಮಾಡಿದರು ಅಂತ ಕೇಳಿದೆ. ‘ಆರ್ಕೆಸ್ಟ್ರಾದವ್ರ ಮೈಕ್ ಇಸ್ಕೊಂಡ್ರು ಸಾರ್. ಊಟ ಮುಗಿಯೋ ತನಕ ಕೊಡಲೇ ಇಲ್ಲ.’