ಬಫರ್ ಲೆಕ್ಕ: ನಾನು ಮಾಡುವ ರೀತಿ

ಕಾಸರಗೋಡಿನ ನಮ್ಮ ಲ್ಯಾಬ್‌ನಲ್ಲಿ ನನ್ನದು ತೆಂಗು, ಅಡಿಕೆ ಎಲೆಯಿಂದ ಡಿಎನ್‌ಎ ತೆಗೆಯುವ ಕೆಲಸ. ಹೊಸಬರಿಗೆ ಎಲೆ ಅರೆಯುವುದು ಬೇಗ ಕೈ ಹಿಡಿಯುತ್ತದೆ. ತಡವರಿಸುವುದು ಬಫರ್ ಲೆಕ್ಕದಲ್ಲಿ, ಅಂದರೆ ಡಿಎನ್‌ಎ ತೆಗೆಯಲು ಬಳಸುವ ದ್ರಾವಣದ ಲೆಕ್ಕದಲ್ಲಿ. ಸಿ1ವಿ1 = ಸಿ2ವಿ2 (ಸಿ ಎಂದರೆ ಸಾಂದ್ರತೆ, ವಿ ಎಂದರೆ ಪ್ರಮಾಣ; 1 ಸ್ಟಾಕ್, ಅಂದರೆ ಗಟ್ಟಿ ಮೂಲ ದ್ರಾವಣದ್ದು, 2 ನಮಗೆ ಬೇಕಾದದ್ದರದು) ಎಲ್ಲರಿಗೂ ಬಾಯಿಪಾಠ. ಆದರೆ ಸುಮ್ನೆ ಅಂಕಿ ತುಂಬಿಸಿದರೆ ಬಂದ ಉತ್ತರ ಸರಿಯೋ ತಪ್ಪೋ ತಿಳಿಯುವುದಿಲ್ಲ. ಅದಕ್ಕೇ ನಾನು ಮೊದಲು ನೋಡುವುದು, ಎಷ್ಟು ಪಟ್ಟು ಡೈಲ್ಯೂಟ್ ಆಗಬೇಕು ಅಂತ.

100 ಮಿಲಿ ಸಿಟಿಎಬಿ (ಜೀವಕೋಶ ಒಡೆಯುವ ಸೋಪಿನಂಥ ವಸ್ತು) ಬಫರ್ ಬೇಕು ಅನ್ನಿ. ಪಿಎಚ್ ಕಾಯುವ ಟ್ರಿಸ್‌ನ ಸ್ಟಾಕ್ 1 ಮೋಲಾರ್ (ಸಾಂದ್ರತೆಯ ಅಳತೆ), ಅಂದರೆ 1000 ಮಿಲಿಮೋಲಾರ್. ಬೇಕಾದದ್ದು 100 ಮಿಲಿಮೋಲಾರ್. ಹತ್ತು ಪಟ್ಟು, ಹಾಗಾಗಿ 100 ಮಿಲಿಯ ಹತ್ತನೇ ಒಂದು ಪಾಲು, 10 ಮಿಲಿ. ಡಿಎನ್‌ಎ ಕೆಡದಂತೆ ಕಾಯುವ ಇಡಿಟಿಎ 500 ಮಿಲಿಮೋಲಾರ್‌ನಿಂದ 20ಕ್ಕೆ, 25 ಪಟ್ಟು, 4 ಮಿಲಿ. ಸಿಟಿಎಬಿ ಶೇ. 10ರಿಂದ 2ಕ್ಕೆ, 20 ಮಿಲಿ. ಉಪ್ಪಿನದು 5 ಮೋಲಾರ್‌ನಿಂದ 1.4ಕ್ಕೆ. ಮೂರು ಪಟ್ಟಿಗಿಂತ ಜಾಸ್ತಿ, ನಾಲ್ಕಕ್ಕಿಂತ ಕಮ್ಮಿ. ಹಾಗಾದರೆ ಉತ್ತರ 25ರಿಂದ 33ರ ಒಳಗೇ ಬರಬೇಕು ಅಲ್ವಾ? ಈಗ ಸೂತ್ರ ಹಾಕಿದರೆ 28 ಮಿಲಿ. ಒಟ್ಟು 62. ಉಳಿದದ್ದು ನೀರು. ಅದನ್ನು 38 ಅಂತ ಅಳೆದು ಹಾಕುವುದಿಲ್ಲ, ಸಿಲಿಂಡರ್‌ನಲ್ಲಿ 100ರ ಗೆರೆ ಮುಟ್ಟಿಸುತ್ತೇನೆ. ಸಿಟಿಎಬಿ ಬೇಗ ನೊರೆ ಬರುತ್ತದೆ, ನೊರೆ ಇಳಿಯದೆ ಗೆರೆ ನೋಡಬಾರದು.

ಒಮ್ಮೆ ಜೂನಿಯರ್ ಒಬ್ಬಳು, "ಅಕ್ಕಾ, ಸೂತ್ರ ಸರಿಯೇ ಉಂಟು, ಆದರೆ 104 ಮಿಲಿ ಆಗ್ತದೆ" ಎಂದಳು. ಅವಳ ಉಪ್ಪಿನ ಸ್ಟಾಕ್ 2 ಮೋಲಾರ್. ಅದೊಂದೇ 70 ಮಿಲಿ ತಿನ್ನುತ್ತದೆ, ನೀರಿಗೆ ಜಾಗವೇ ಇಲ್ಲ. ಸ್ಟಾಕ್ ಗಟ್ಟಿ ಇರಬೇಕು ಎನ್ನುವುದು ಇದಕ್ಕೇ. ಅವಳು ಕೂಡಿಸಿ ನೋಡಿದ್ದು ನನಗೆ ಬಹಳ ಖುಷಿಯಾಯಿತು.

ಎಲೆಯ ರಸ ಕಂದಾಗದಂತೆ ತಡೆಯುವ ಬೀಟಾ ಮರ್ಕಾಪ್ಟೋಇಥನಾಲ್ ಮಾತ್ರ ಬಾಟಲಿಗೆ ಹಾಕಿಡುವುದಿಲ್ಲ. ಅಂದಿಗೆ ಬೇಕಾದ 20 ಮಿಲಿ ಬಫರ್ ತೆಗೆದು, ಫ್ಯೂಮ್ ಹುಡ್‌ನೊಳಗೆ 40 ಮೈಕ್ರೋಲೀಟರ್ ಸೇರಿಸುತ್ತೇನೆ. ಅದು ಶೇ. 0.2.

ಪ್ರೈಮರ್ ಲೆಕ್ಕ ಸುಲಭ. ಪ್ರೈಮರ್ ಎಂದರೆ ಪಿಸಿಆರ್‌ಗೆ, ಅಂದರೆ ಡಿಎನ್‌ಎಯ ಪ್ರತಿಗಳನ್ನು ಮಾಡಲು ಬೇಕಾದ ಚಿಕ್ಕ ಡಿಎನ್‌ಎ ತುಣುಕು. ಟ್ಯೂಬ್ ಮೇಲೆ 24.6 ನ್ಯಾನೋಮೋಲ್ ಎಂದಿದ್ದರೆ ಹತ್ತರಿಂದ ಗುಣಿಸಿ 246 ಮೈಕ್ರೋಲೀಟರ್ ಟಿಇ (ಟ್ರಿಸ್-ಇಡಿಟಿಎ ದ್ರಾವಣ) ಹಾಕಿ, 100 ಮೈಕ್ರೋಮೋಲಾರ್ ಆಯಿತು. ಮುಚ್ಚಳ ತೆಗೆಯುವ ಮೊದಲು ಒಂದು ಸುತ್ತು ಸೆಂಟ್ರಿಫ್ಯೂಜ್‌ನಲ್ಲಿ ಸ್ಪಿನ್ ಮಾಡಲೇಬೇಕು. ಒಣಗಿದ ಪ್ರೈಮರ್ ಕಣ್ಣಿಗೆ ಕಾಣುವುದೇ ಕಷ್ಟ, ಮುಚ್ಚಳಕ್ಕೆ ಅಂಟಿದ್ದರೆ ಹಾರಿಹೋಗುತ್ತದೆ. ಆಮೇಲೆ ಅದರಲ್ಲಿ 10 ಮೈಕ್ರೋಲೀಟರ್, ನೀರು 90. ಈ ಹತ್ತು ಮೈಕ್ರೋಮೋಲಾರ್‌ನಿಂದ 25 ಮೈಕ್ರೋಲೀಟರ್ ಪಿಸಿಆರ್‌ಗೆ ಅರ್ಧ ಮೈಕ್ರೋಲೀಟರ್ ಹಾಕಿದರೆ 50 ಪಟ್ಟು, ಅಂದರೆ 0.2 ಮೈಕ್ರೋಮೋಲಾರ್. ಆದರೆ ಅಷ್ಟು ಚಿಕ್ಕ ಅಳತೆಯಲ್ಲಿ ಪೈಪೆಟ್ಟನ್ನು ನಾನು ನಂಬುವುದಿಲ್ಲ. 20 ಸ್ಯಾಂಪಲ್ ಇದ್ದರೆ 22ಕ್ಕೆ ಆಗುವಷ್ಟು ಮಾಸ್ಟರ್ ಮಿಕ್ಸ್ (ಎಲ್ಲಕ್ಕೂ ಸೇರಿದ ಒಂದೇ ಮಿಶ್ರಣ) ಮಾಡಿ, ಒಂದೊಂದು ಪ್ರೈಮರ್ 11 ಮೈಕ್ರೋಲೀಟರ್ ಒಟ್ಟಿಗೇ ಹಾಕುತ್ತೇನೆ.