ಎರೆಮಣ್ಣಿನಲ್ಲಿ ಖಡಿ ದಾರಿಗೆ ಶಹಾಬಾದ್ ಫರ್ಸಿ ಅಂಚು

ಕಲಬುರಗಿಯ ಎರೆಮಣ್ಣಿನ ಮೇಲೆ ಗೇಟಿನಿಂದ ಮನೆತನಕ ಹಾಕಿದ್ದ 20 ಮಿ.ಮೀ. ಖಡಿ (ಜಲ್ಲಿಕಲ್ಲು) ಎರಡೂ ಬದಿಗೆ ಹರಡುತ್ತಿತ್ತು. ಅಂಚಿಗೆ ಸಿಮೆಂಟಿನಲ್ಲಿ ಕಟ್ಟಿದ್ದ ಇಟ್ಟಿಗೆ ಸಾಲು ಬಿರುಕು ಬಿಟ್ಟಿತ್ತು. ಎರೆ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಸೀಳುತ್ತದೆ. ಬಿಗಿಯಾದ ಜೋಡಣೆ ಅದರ ಮೇಲೆ ನಿಲ್ಲುವುದಿಲ್ಲ.

ಹಾಗಾಗಿ ಸಿಮೆಂಟ್ ಬಿಟ್ಟು, 15 ಇಂಚು ಅಗಲದ ಒರಟು ಶಹಾಬಾದ್ ಫರ್ಸಿ (ಸುಣ್ಣದಕಲ್ಲಿನ ಚಪ್ಪಡಿ) ಪಟ್ಟಿಗಳನ್ನು, ಅಗಲ ಮೇಲೆ-ಕೆಳಗೆ ಬರುವಂತೆ, ನೆಟ್ಟಗೆ ನಿಲ್ಲಿಸಿದ್ದು. ದಪ್ಪ ಒಂದೂವರೆ ಇಂಚಾದರೂ ಬೇಕು, ತೆಳುವಾದದ್ದು ಗಾಲಿ ತಾಗಿದರೆ ಮುರಿಯುತ್ತದೆ. 16 ಇಂಚು ಆಳ, 9 ಇಂಚು ಅಗಲದ ಕಾಲುವೆ ತೋಡಿ, ತಳಕ್ಕೆ 4 ಇಂಚು ಮೊರಂ (ಗರಸು ಮಣ್ಣು) ಹಾಕಿ ನೀರು ಚಿಮುಕಿಸಿ ದಮ್ಮಸು ಮಾಡಿ (ಬಡಿದು ಗಟ್ಟಿ ಮಾಡಿ). ಕಲ್ಲು 12 ಇಂಚು ಒಳಗೆ, 3 ಇಂಚು ಮೇಲೆ. ಕಲ್ಲಿನ ನಡುವೆ ಅರ್ಧ ಇಂಚು ಸಂದು ಬಿಡಿ: ಕಲ್ಲು ಅಲುಗಾಡಲು ಜಾಗ, ನೀರು ಹೋಗಲು ದಾರಿ. ಎರಡೂ ಬದಿಗೆ ಮೊರಂ ತುಂಬಿ, ಪದರ ಪದರವಾಗಿ ಬಡಿಯಿರಿ. ತೆಗೆದ ಎರೆಯನ್ನೇ ಮತ್ತೆ ತುಂಬಿದರೆ ಮೊದಲ ಮಳೆಗೇ ಕಲ್ಲು ವಾಲುತ್ತದೆ.

ಹೊರಬದಿಗೆ ಅಂಚಿನಿಂದ ಒಂದೂವರೆ ಅಡಿ ಬಿಟ್ಟು ಲಾವಂಚ ಅಥವಾ ಮಜ್ಜಿಗೆ ಹುಲ್ಲು ನೆಡಬಹುದು. ಲೋಳೆಸರಕ್ಕೆ ಎರೆಯಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಮೊರಂ ಬೆರೆಸಿ ಏರಿಸಿದ ಪಾತಿ ಬೇಕು.